ಹೌಸ್‌ರಾಟ್: ‘ಮನೆ’ಗೆ ‘ಸಲಹೆ’ ಸೇರಿದರೆ ಮನೆ ಸಾಮಾನು ಹೇಗಾಯಿತು?

ನೆಕ್ಕರ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಆರು ವರ್ಷವಾಯಿತು. ಈಗ ಬಾಡಿಗೆ ಮನೆ ಬದಲಾಯಿಸಿದ್ದೇವೆ. ಹೊಸ ಮನೆ 70 ಚದರ ಮೀಟರ್ ಇದೆ. ಸಾಮಾನಿಗೆ ವಿಮೆ ಮಾಡಿಸೋಣ ಅಂತ ಮೊನ್ನೆ ಅರ್ಜಿ ತುಂಬಲು ಕೂತೆ. ಅದರಲ್ಲಿ ‘ಹೌಸ್‌ರಾಟ್‌ನ ಒಟ್ಟು ಬೆಲೆ ಎಷ್ಟು’ ಅಂತ ಕೇಳಿತ್ತು.

ನನ್ನ ಹತ್ತಿರ ಹಳೇ ಪುಸ್ತಕದ ಸಂತೆಯಲ್ಲಿ ಕೊಂಡ ಒಂದು ಜರ್ಮನ್–ಇಂಗ್ಲಿಷ್ ನಿಘಂಟಿದೆ. ಅದರಲ್ಲಿ ಹೌಸ್‌ರಾಟ್ ಅಂದರೆ ‘ಹೌಸ್‌ಹೋಲ್ಡ್ ಫರ್ನಿಚರ್’ ಅಂತ ಕೊಟ್ಟಿದ್ದಾರೆ. ಸರಿ ಅಂತ ಮಂಚ, ಸೋಫಾ, ಊಟದ ಮೇಜು, ನಾಲ್ಕು ಕುರ್ಚಿ, ಎರಡು ಬೀರು ಎಲ್ಲ ಕೂಡಿಸಿ 6,000 ಯೂರೋ ಅಂತ ಬರೆದೆ. ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಬಂದಿದ್ದರು. ಅರ್ಜಿ ನೋಡಿ, ‘ನಿನ್ನ ಬಟ್ಟೆಗಳು ಎಲ್ಲಿ? ಪಾತ್ರೆ ಎಲ್ಲಿ? ಮಗಳ ಪಿಟೀಲು ಎಲ್ಲಿ?’ ಅಂತ ಕೇಳಿದರು. ಅದೆಲ್ಲ ಫರ್ನಿಚರ್ ಹೇಗಾಗುತ್ತದೆ ಅಂದೆ. ‘ಅದೆಲ್ಲವೂ ಹೌಸ್‌ರಾಟ್’ ಅಂದರು.

ಆವತ್ತಿನಿಂದ ಈ ಪದ ತಲೆ ಬಿಟ್ಟು ಹೋಗುತ್ತಿಲ್ಲ. ‘ಹೌಸ್’ ಅಂದರೆ ಮನೆ, ಗೊತ್ತು. ‘ರಾಟ್’ ಅಂದರೆ ಭಾಷಾ ತರಗತಿಯಲ್ಲಿ ನನಗೆ ಹೇಳಿಕೊಟ್ಟದ್ದು ಸಲಹೆ, ಇಲ್ಲವೇ ಸಲಹಾ ಮಂಡಳಿ. ನಗರಸಭೆಯ ಕಟ್ಟಡಕ್ಕೆ ರಾಟ್‌ಹೌಸ್ ಅನ್ನುತ್ತಾರೆ, ಅಲ್ವಾ? ಹಾಗಾದರೆ ‘ಮನೆ ಸಲಹೆ’ ಎಂಬುದು ಮನೆ ಸಾಮಾನಾದದ್ದು ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಇಸಾರ್ ಕನ್ನಡಿತಿ:

ಅಕ್ಕ, ಮೊದಲು ಆ 6,000 ಹೊಡೆದುಹಾಕಿ. ಪದದ ಮಾತು ಆಮೇಲೆ. ನಾನು ಮ್ಯೂನಿಕ್‌ನಲ್ಲಿ ವಿಮೆ ಕಚೇರಿಯಲ್ಲೇ ಕೆಲಸ ಮಾಡುತ್ತೇನೆ, ಅದಕ್ಕೇ ಗಾಬರಿಯಿಂದ ಬರೆಯುತ್ತಿದ್ದೇನೆ.

ಹೌಸ್‌ರಾಟ್ ಅಂದರೆ ಏನು ಅಂತ ಇಲ್ಲಿ ಹೊಸಬರಿಗೆ ಹೀಗೆ ಹೇಳಿಕೊಡುತ್ತಾರೆ. ಮನೆಯ ಸೂರು ತೆಗೆದು, ಇಡೀ ಮನೆಯನ್ನು ಬೋರಲು ಹಾಕಿ ಕೊಡವಿ. ಉದುರಿ ಬಿದ್ದದ್ದೆಲ್ಲ ಹೌಸ್‌ರಾಟ್. ಬೀಳದೆ ಅಂಟಿಕೊಂಡದ್ದು ಕಟ್ಟಡ. ಹಾಗಾಗಿ ಸೋಫಾ ಎಷ್ಟು ಹೌಸ್‌ರಾಟೋ ನಿಮ್ಮ ರೇಷ್ಮೆ ಸೀರೆ, ಕುಕ್ಕರ್, ಪರದೆ, ಪುಸ್ತಕ, ಟಿವಿ, ಅಡುಗೆಮನೆ ಡಬ್ಬಿಯಲ್ಲಿರುವ ಬೇಳೆ ಕೂಡ ಅಷ್ಟೇ ಹೌಸ್‌ರಾಟ್. ಒಡವೆ ಮತ್ತು ನಗದೂ ಸೇರುತ್ತವೆ. ಅವಕ್ಕೆ ಮಾತ್ರ ಮೇಲ್ಮಿತಿ ಇರುತ್ತದೆ.

ಕಡಿಮೆ ಬರೆದರೆ ಏನಾಗುತ್ತದೆ ನೋಡಿ. ಸಾಮಾನಿನ ನಿಜವಾದ ಬೆಲೆ 40,000 ಯೂರೋ ಇದೆ, ನೀವು 20,000ಕ್ಕೆ ವಿಮೆ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳಿ. ನಲ್ಲಿ ಪೈಪು ಒಡೆದು 10,000 ಯೂರೋ ನಷ್ಟವಾದರೆ ಕೈಗೆ ಬರುವುದು 5,000 ಮಾತ್ರ. ಅರ್ಧ ವಿಮೆಗೆ ಅರ್ಧ ಪರಿಹಾರ. ಈ ತಾಪತ್ರಯ ತಪ್ಪಿಸಲು ಹಲವು ಕಂಪನಿಗಳು ಒಂದು ಸರಳ ಲೆಕ್ಕ ಇಟ್ಟುಕೊಂಡಿವೆ. ಒಂದು ಚದರ ಮೀಟರಿಗೆ 650 ಯೂರೋ ಅಂತ ಹಿಡಿದರೆ, ಸಾಮಾನಿನ ಬೆಲೆ ಕಡಿಮೆ ಬರೆದಿದ್ದೀರಿ ಅಂತ ಅವರು ತಕರಾರು ತೆಗೆಯುವುದಿಲ್ಲ. ನಿಮ್ಮ 70 ಚದರ ಮೀಟರಿಗೆ 45,500 ಆಯಿತು. ಬೆಲೆ ಹಾಕುವಾಗಲೂ ಹಳೇ ಸಾಮಾನಿನ ದರ ಬೇಡ. ಅದೇ ವಸ್ತುವನ್ನು ಇವತ್ತು ಹೊಸದಾಗಿ ಕೊಳ್ಳಲು ಎಷ್ಟು ಬೇಕೋ ಅಷ್ಟು ಹಾಕಿ.

ಗಾಡಿಗಾಲಿ:

ನನಗೆ ತೋಚಿದ್ದು ಹೇಳುತ್ತೇನೆ. ಜರ್ಮನ್‌ನಲ್ಲಿ ಗಾಲಿಗೂ ‘ರಾಟ್’ ಅಂತಲೇ ಉಚ್ಚರಿಸುತ್ತಾರೆ. ಸೈಕಲ್‌ಗೆ ‘ಫಾರ್‌ರಾಟ್’, ಅಂದರೆ ಓಡುವ ಗಾಲಿ. ಹಿಂದೆ ಮನೆ ಬಿಡುವಾಗ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಿದ್ದರು. ಮನೆಯದ್ದು ಗಾಲಿ ಮೇಲೆ ಹೋದರೆ ಹೌಸ್‌ರಾಟ್. ಫರ್ನಿಚರ್‌ಗೆ ಅವರು ‘ಮ್ಯೋಬೆಲ್’ ಅನ್ನುವುದೂ ‘ಚಲಿಸುವಂಥದ್ದು’ ಎಂಬ ಅರ್ಥದಿಂದಲೇ ಅಂತ ಓದಿದ್ದೇನೆ. ಎರಡೂ ಸರಿಹೊಂದುತ್ತವೆ, ಅಲ್ವಾ?

ಹಳೇಪದ:

ಗಾಡಿಗಾಲಿ ಅವರೇ, ನಿಮ್ಮ ಮಾತಿನಲ್ಲಿ ಎರಡು ನಿಜ ಇದೆ. ಆದರೆ ಹೌಸ್‌ರಾಟ್‌ಗೆ ಆ ದಾರಿ ಹೋಗುವುದಿಲ್ಲ. ನಾನು ಬಹಳ ವರ್ಷ ಜರ್ಮನ್ ಪಾಠ ಮಾಡಿದವನು, ಈ ಪದ ನನಗೆ ಅಚ್ಚುಮೆಚ್ಚು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗಾಲಿ ಎಂಬ ಪದದ ಕೊನೆಯಲ್ಲಿ ಬರೆಯುವ ಅಕ್ಷರ ‘ಡ್’. ಜರ್ಮನ್‌ನಲ್ಲಿ ಪದದ ಕೊನೆಯ ‘ಡ್’ ಬಾಯಲ್ಲಿ ‘ಟ್’ ಆಗುತ್ತದೆ. ಅದಕ್ಕೇ ಎರಡೂ ಒಂದೇ ಥರ ಕೇಳುತ್ತವೆ. ಬಹುವಚನ ಮಾಡಿದ ಕೂಡಲೇ ಗಾಲಿಯ ‘ಡ್’ ಹೊರಗೆ ಬರುತ್ತದೆ, ‘ರೇಡರ್’ ಅಂತ. ಗಾಲಿಯ ಆ ಪದ ನಮ್ಮ ‘ರಥ’ಕ್ಕೆ ನೆಂಟ. ಲ್ಯಾಟಿನ್‌ನ ‘ರೋಟ’ ಕೂಡ ಅದೇ ಬಳ್ಳಿ. ಮ್ಯೋಬೆಲ್ ವಿಷಯವೂ ನೀವು ಹೇಳಿದಂತೆಯೇ. ಅದು 17ನೇ ಶತಮಾನದಲ್ಲಿ ಫ್ರೆಂಚ್‌ನಿಂದ ಬಂದ ಪದ, ಮೂಲ ಲ್ಯಾಟಿನ್‌ನ ‘ಮೊಬಿಲಿಸ್’, ಚಲಿಸುವಂಥದ್ದು. ಅದರ ಎದುರು ಪದ ‘ಇಮ್ಮೊಬೀಲಿಯೆನ್’, ಅಂದರೆ ಮನೆ, ಜಮೀನು. ನಮ್ಮ ನೋಂದಣಿ ಪತ್ರಗಳಲ್ಲಿ ಬರುವ ಚರಾಸ್ತಿ, ಸ್ಥಿರಾಸ್ತಿ ಇದ್ದಂತೆಯೇ.

ಹೌಸ್‌ರಾಟ್ ಮಾತ್ರ ಮ್ಯೋಬೆಲ್‌ಗಿಂತ ತುಂಬಾ ಹಳೆಯದು. ನಡುಗಾಲದ ಜರ್ಮನ್‌ನಲ್ಲೇ ‘ಹೂಸ್‌ರಾಟ್’ ಅಂತ ಇತ್ತು. ಅದರ ‘ರಾಟ್’ ಸಲಹೆಯ ರಾಟೇ. ಬೇರೆ ಪದವಲ್ಲ. ಇವತ್ತು ನಮಗೆ ಸಿಗುತ್ತಿರುವುದು ಅದರ ಅರ್ಧ ಅರ್ಥ ಮಾತ್ರ.

ಹಳೆ ಜರ್ಮನ್‌ನಲ್ಲಿ ರಾಟ್ ಅಂದರೆ ಮುಂದಿನದನ್ನು ಯೋಚಿಸಿ ಅಣಿ ಮಾಡುವುದು. ಬಾಯಲ್ಲಿ ಹೇಳಿದರೆ ಅದು ಸಲಹೆ. ಕೈಯಲ್ಲಿ ಒದಗಿಸಿಟ್ಟರೆ ಅದು ಸರಕು, ಸಲಕರಣೆ, ಆಸರೆ. ಎರಡಕ್ಕೂ ಒಂದೇ ಪದ ಸಾಕಾಗಿತ್ತು. ಕಾಲ ಸರಿದಂತೆ ಬಿಡಿಯಾಗಿ ನಿಂತ ‘ರಾಟ್’ ಸಲಹೆಯ ಕಡೆಗೆ ವಾಲಿತು. ಒದಗಿಸುವುದು ಎಂಬ ಅರ್ಥ ಸಮಾಸಗಳ ಒಳಗೆ ಉಳಿದುಕೊಂಡಿತು.

ಎಲ್ಲೆಲ್ಲಿ ಉಳಿಯಿತು ನೋಡಿ. ‘ಫೋರ್’ ಅಂದರೆ ಮುಂಚೆ. ‘ಫೋರ್‌ರಾಟ್’ ಅಂದರೆ ಮುಂಚೆಯೇ ಕೂಡಿಟ್ಟದ್ದು, ದಾಸ್ತಾನು. ಕಣಜದ ಭತ್ತ, ಅಟ್ಟದ ಉಪ್ಪಿನಕಾಯಿ ಭರಣಿ ಎಲ್ಲ ಫೋರ್‌ರಾಟ್. ‘ಉನ್‌’ ಅಂದರೆ ಅಲ್ಲದ್ದು, ಕೆಟ್ಟದ್ದು. ‘ಉನ್‌ರಾಟ್’ ಮೊದಲಿಗೆ ಕೆಟ್ಟ ಸಲಹೆ ಮತ್ತು ಕೇಡು ಎಂಬ ಅರ್ಥದಲ್ಲಿತ್ತು. ಆಮೇಲೆ ಉಪಯೋಗಕ್ಕೆ ಬಾರದ್ದು, ಕಸ, ಹೊಲಸು ಅಂತಾಯಿತು. ಇನ್ನು ‘ಗೆರೇಟ್’. ಹಳೆ ರೂಪದಲ್ಲಿ ಕೂಡಿ ಸಮಾಲೋಚಿಸುವುದು ಎಂದಿದ್ದದ್ದು ಸಲಕರಣೆಯಾಗಿ, ಇವತ್ತು ಯಾವ ಯಂತ್ರಕ್ಕೂ ಅದೇ ಪದ. ನಿಮ್ಮ ಟಿವಿಯ ಪೆಟ್ಟಿಗೆ ಮೇಲೂ ಅದೇ ಪದ ಇರುತ್ತದೆ, ನೋಡಿ.

ಹಾಗಾಗಿ ಹೌಸ್‌ರಾಟ್ ಅಂದರೆ ‘ಮನೆ ನಡೆಯಲಿ ಅಂತ ಒದಗಿಸಿಟ್ಟದ್ದು’. ಕೂರುವುದು, ಮಲಗುವುದು, ಬೇಯಿಸುವುದು, ಹೊದೆಯುವುದು ಎಲ್ಲವೂ.

ನೆಕ್ಕರ್ ದಂಡೆ:

ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ನಮ್ಮಲ್ಲೂ ಇದೇ ಜೋಡಿ ಇದೆ! ಸಲಹೆ ಅಂದರೆ ಬುದ್ಧಿಮಾತು. ‘ಸಲಹು’ ಅಂದರೆ ಪೊರೆ, ಕಾಪಾಡು. ದೇವರ ಮುಂದೆ ‘ಸಲಹೋ’ ಅಂತ ಬೇಡುತ್ತೇವೆ. ಸಾಕಿ ಸಲಹಿದರು ಅನ್ನುತ್ತೇವೆ. ಜರ್ಮನ್‌ನ ಎರಡು ಅರ್ಥವೂ ಕನ್ನಡದ ಒಂದೇ ಪದದಲ್ಲಿ ಸಿಕ್ಕಿತಲ್ಲ!

ಹಳೇಪದ:

ನೋಡಲು ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಇವೆರಡೂ ಒಂದೇ ತಾಯಿಯ ಮಕ್ಕಳಲ್ಲಮ್ಮ. ‘ಸಲಹು’ ಅಚ್ಚಗನ್ನಡ, ಹಳಗನ್ನಡದಿಂದ ಬಂದ ಕ್ರಿಯಾಪದ. ‘ಸಲಹೆ’ ಮೂಲದಲ್ಲಿ ಅರಬ್ಬಿ ಪದ. ಅಲ್ಲಿನ ‘ಸಲಾಹ್’ ಪಾರಸಿ, ಉರ್ದುಗಳ ಮೂಲಕ ನಮ್ಮಲ್ಲಿಗೆ ಬಂದು, ನಮ್ಮ ಬಾಯಿಗೆ ಹೊಂದಿಕೊಂಡು ‘ಸಲಹೆ’ ಆಯಿತು. ಎರಡು ಬೇರೆ ಬೇರೆ ಹೊಳೆ ಒಂದೇ ಊರಿನ ಮುಂದೆ ಹರಿದಂತೆ.

ಗಾಡಿಗಾಲಿ ಅವರಿಗೂ ಆದದ್ದು ಇದೇ. ಒಂದೇ ಥರ ಕೇಳುವ ಪದಗಳು ಒಂದೇ ಮೂಲದವು ಅನ್ನಿಸುವುದು ಸಹಜ. ಹಳೇ ರೂಪಗಳನ್ನು ತೆಗೆದು ನೋಡದೆ ನಂಬಬಾರದು ಅಷ್ಟೆ. ಆದರೆ ನೀವು ಹಿಡಿದ ಭಾವ ಸರಿಯಾಗಿದೆ. ಒಳ್ಳೆಯದನ್ನು ಹೇಳುವುದೂ ಬೇಕಾದದ್ದನ್ನು ಒದಗಿಸುವುದೂ ಪೊರೆಯುವ ಎರಡು ಬಗೆ. ಕನ್ನಡದಲ್ಲಿ ನಿಜವಾಗಿಯೂ ಎರಡೂ ಅರ್ಥ ಇರುವ ಪದ ಬೇಕಿದ್ದರೆ ‘ಉಪಾಯ’ ಇದೆ. ‘ಒಂದು ಉಪಾಯ ಹೇಳು’ ಅಂದರೆ ಸಲಹೆ. ‘ಬದುಕಿಗೆ ಏನಾದರೂ ಉಪಾಯ ಬೇಕಲ್ಲ’ ಅಂದರೆ ದಾರಿ, ಆಧಾರ. ಜರ್ಮನ್ನರ ಗಾದೆಯೊಂದು ‘ಕೊಮ್ಟ್ ತ್ಸೈಟ್, ಕೊಮ್ಟ್ ರಾಟ್’ ಅನ್ನುತ್ತದೆ. ಹೊತ್ತು ಬಂದರೆ ಉಪಾಯವೂ ಬರುತ್ತದೆ. ಅಲ್ಲಿನ ರಾಟ್‌ನಲ್ಲಿ ಸಲಹೆಗಿಂತ ದಾರಿ ಎಂಬ ಅರ್ಥವೇ ಜಾಸ್ತಿ.

ಉಳಿ ಬಾಚಿ:

ಹೌಸ್‌ರಾಟ್, ರಾಟ್‌ಹೌಸ್ ಎರಡನ್ನೂ ಓದುವಾಗ ನನಗೆ ಹೊಳೆದದ್ದು ಮನೆದೇವರು, ದೇವರಮನೆ. ಅದೇ ಎರಡು ತುಂಡು. ಹಿಂದುಮುಂದು ಮಾಡಿದರೆ ಒಂದು ದೇವರು, ಇನ್ನೊಂದು ಕೋಣೆ.

ಹಳೇಪದ:

ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಇಷ್ಟು ವರ್ಷ ತರಗತಿಯಲ್ಲಿ ಕೊಟ್ಟಿರಲಿಲ್ಲ. ಜರ್ಮನ್ ಸಮಾಸದಲ್ಲಿ ಕೊನೆಯ ತುಂಡೇ ಯಜಮಾನ. ಅದರ ಲಿಂಗವೇ ಇಡೀ ಪದದ ಲಿಂಗ, ಅದರ ಅರ್ಥವೇ ಮುಖ್ಯ ಅರ್ಥ. ‘ರಾಟ್’ ಪುಲ್ಲಿಂಗ, ಆದ್ದರಿಂದ ಹೌಸ್‌ರಾಟ್ ಕೂಡ ಪುಲ್ಲಿಂಗ. ‘ಹೌಸ್’ ನಪುಂಸಕಲಿಂಗ, ರಾಟ್‌ಹೌಸ್ ಕೂಡ ಹಾಗೇ. ಹೌಸ್‌ರಾಟ್‌ಗೆ ಬಹುವಚನವೂ ಇಲ್ಲ. ನಮ್ಮ ‘ದವಸ’ ಇದ್ದಂತೆ, ಒಟ್ಟು ರಾಶಿಗೆ ಒಂದೇ ಹೆಸರು.

ಓಲೆಗರಿ:

ಹಳೇಪದ ಸರ್ ಬಿಟ್ಟ ಒಂದು ಕೊಂಡಿ ನನ್ನ ಓದಿನ ಕಡೆಯದು, ಅದನ್ನು ಸೇರಿಸುತ್ತೇನೆ. ಈ ‘ರಾಟ್’ ಪದಕ್ಕೆ ಸಂಸ್ಕೃತದಲ್ಲಿ ನೆಂಟಸ್ತನ ಇದೆ. ಭಾಷಾಶಾಸ್ತ್ರಜ್ಞರು ಅದನ್ನು ‘ರಾಧ್’ ಧಾತುವಿನ ಜೊತೆ ಇಡುತ್ತಾರೆ. ರಾಧ್ ಅಂದರೆ ಸಾಧಿಸು, ಸರಿಯಾಗಿ ಮುಗಿಸು, ಒಲಿಸಿಕೋ. ಋಗ್ವೇದದಲ್ಲಿ ‘ರಾಧಸ್’ ಅಂದರೆ ಕೊಡುಗೆ, ಧಾರಾಳವಾಗಿ ಕೊಟ್ಟ ಸಂಪತ್ತು. ಇಂದ್ರನ ಹತ್ತಿರ ಮತ್ತೆ ಮತ್ತೆ ಬೇಡುವುದು ಅದನ್ನೇ.

ಇದೇ ಧಾತುವಿನಿಂದ ನಮ್ಮ ದಿನದ ಮಾತಿಗೆ ಬಂದ ಪದಗಳು ಎರಡು. ಒಂದು ‘ಆರಾಧನೆ’. ಇನ್ನೊಂದು ‘ಅಪರಾಧ’. ಅಪರಾಧದ ಮೊದಲ ಅರ್ಥ ಗುರಿ ತಪ್ಪುವುದು. ಬಾಣ ಗುರಿ ತಪ್ಪಿದರೆ ಅದು ‘ಅಪರಾದ್ಧ’. ಜರ್ಮನ್‌ನ ಉನ್‌ರಾಟ್ ಕೆಟ್ಟ ಸಲಹೆಯಿಂದ ಕಸದವರೆಗೆ ಹೋಯಿತು. ಅದೇ ಮನೆತನದ ನಮ್ಮ ಪದ ಗುರಿ ತಪ್ಪುವುದರಿಂದ ಪೊಲೀಸ್ ಠಾಣೆಯವರೆಗೆ ಬಂತು. ವಿಶಾಖಾ ನಕ್ಷತ್ರಕ್ಕೆ ‘ರಾಧಾ’ ಎಂಬ ಹೆಸರೂ ಇದೆ. ಅದರ ಹಿಂದೆ ಬರುವುದಕ್ಕೆ ‘ಅನೂರಾಧಾ’. ಪಂಚಾಂಗ ತೆಗೆದರೆ ಹೌಸ್‌ರಾಟ್‌ನ ದೂರದ ನೆಂಟರು ಸಿಗುತ್ತಾರೆ.

ಇಂಗ್ಲಿಷ್ ಕಡೆಗೆ ಹೋದರೆ ‘ರೀಡ್’, ಅಂದರೆ ಓದು, ಇದೇ ಮೂಲದ್ದು. ಅದಕ್ಕೆ ಮೊದಲಿದ್ದ ಅರ್ಥ ಸಲಹೆ ಕೊಡು, ಬಿಡಿಸಿ ಹೇಳು. ಒಗಟಿಗೆ ಅಲ್ಲಿ ‘ರಿಡ್ಲ್’, ಜರ್ಮನ್‌ನಲ್ಲಿ ‘ರೇಟ್ಸೆಲ್’. 978ರಲ್ಲಿ ಇಂಗ್ಲೆಂಡಿನ ಗದ್ದುಗೆ ಏರಿದ ದೊರೆ ಎಥೆಲ್‌ರೆಡ್ ಹೆಸರಿನ ಅರ್ಥ ‘ಉದಾತ್ತ ಸಲಹೆ’. ಜನ ಅವನಿಗೆ ಇಟ್ಟ ಅಡ್ಡಹೆಸರು ‘ಉನ್‌ರೇಡ್’, ಅಂದರೆ ಕೆಟ್ಟ ಸಲಹೆ ಕೇಳಿದವನು. ಈಗಿನವರು ಅದನ್ನು ‘ಅನ್‌ರೆಡಿ’ ಅಂತ ಓದಿ, ತಯಾರಿಲ್ಲದವನು ಅಂದುಕೊಳ್ಳುತ್ತಾರೆ.

ಪೂರ್ವಕ್ಕೂ ಹೋಗಿದೆ. ನಡುಗಾಲದ ಜರ್ಮನ್‌ನಿಂದ ಪೋಲಿಷ್ ಭಾಷೆ ‘ರಾದಾ’ ಎಂಬ ಪದ ತೆಗೆದುಕೊಂಡಿತು. ಅಲ್ಲಿಂದ ಅದು ಉಕ್ರೇನ್‌ಗೆ ಹೋಯಿತು. ಸುದ್ದಿಯಲ್ಲಿ ಕೇಳುವ ಉಕ್ರೇನ್ ಸಂಸತ್ತಿನ ಹೆಸರು ‘ವೆರ್ಖೋವ್ನಾ ರಾದಾ’ದಲ್ಲಿ ಇರುವುದು ಇದೇ.

ಗಾಡಿಗಾಲಿ:

ನನ್ನ ಊಹೆ ತಪ್ಪಿದರೂ ರಥ ಸಿಕ್ಕಿತು, ಸಂತೋಷ. ಒಂದು ಪ್ರಶ್ನೆ. ಮದುವೆಗೆ ಜರ್ಮನ್‌ನಲ್ಲಿ ‘ಹೈರಾಟ್’ ಅನ್ನುತ್ತಾರಲ್ಲ, ಅದರಲ್ಲಿರುವ ರಾಟ್ ಕೂಡ ಇದೇನಾ?

ಹಳೇಪದ:

ಇದೇ! ಕೇಳಿದ್ದು ಒಳ್ಳೆಯದಾಯಿತು. ಹಳೆ ಜರ್ಮನ್‌ನಲ್ಲಿ ಅದು ‘ಹೀರಾಟ್’. ‘ಹೀ’ ಅಂದರೆ ಮನೆ, ಮನೆಮಂದಿ. ಇವತ್ತು ಆ ತುಂಡು ಬೇರೆಲ್ಲೂ ಬಿಡಿಯಾಗಿ ಬಳಕೆಯಲ್ಲಿ ಇಲ್ಲ. ಹಾಗಾಗಿ ಜರ್ಮನ್ನರಿಗೇ ಅದು ಮನೆ ಅಂತ ಕಾಣುವುದಿಲ್ಲ. ಲ್ಯಾಟಿನ್‌ನಲ್ಲಿ ನಾಗರಿಕನಿಗೆ ಇದ್ದ ‘ಕೀವಿಸ್’ ಅದರ ದಾಯಾದಿ.

ಈಗ ಪಕ್ಕಪಕ್ಕ ಇಟ್ಟು ನೋಡಿ. ಹೌಸ್ + ರಾಟ್, ಹೀ + ರಾಟ್. ಎರಡೂ ‘ಮನೆ ಅಣಿಮಾಡುವುದು’. ಒಂದು ಮಂಚ, ಪಾತ್ರೆ, ಹಾಸಿಗೆಯಾಯಿತು. ಇನ್ನೊಂದು ಮದುವೆಯಾಯಿತು. ನಮ್ಮಲ್ಲಿ ಮದುವೆಯಾದವರು ಬೇರೆ ಬಂದರೆ ‘ಮನೆ ಹೂಡಿದರು’ ಅನ್ನುತ್ತೇವೆ. ಹೂಡುವುದು ಅಂದರೆ ನೇಗಿಲು ಕಟ್ಟುವುದು, ಕೆಲಸಕ್ಕೆ ಅಣಿಯಾಗುವುದು. ಹೈರಾಟ್ ಎಂಬ ಪದದೊಳಗೆ ಇರುವುದೂ ಅಂಥದೇ ಚಿತ್ರ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 13ನೇ ಶತಮಾನದ ಆರಂಭದಲ್ಲಿ ಐಕೆ ಫಾನ್ ರೆಪ್ಗೋ ಎಂಬುವನು ಉತ್ತರ ಜರ್ಮನಿಯ ಕಟ್ಟಳೆಗಳನ್ನು ಬರೆದಿಟ್ಟ. ಅದರ ಹೆಸರು ‘ಜಾಕ್ಸೆನ್‌ಶ್ಪೀಗೆಲ್’, ಜಾಕ್ಸನ್ನರ ಕನ್ನಡಿ. ಅದರಲ್ಲಿ ಹೆಣ್ಣಿನಿಂದ ಹೆಣ್ಣಿಗೇ ಹೋಗಬೇಕಾದ ಆಸ್ತಿಯೊಂದಿದೆ. ಅದನ್ನು ‘ಗೆರಾಡೆ’ ಅನ್ನುತ್ತಾರೆ. ಗೆರೇಟ್, ಹೌಸ್‌ರಾಟ್‌ಗಳ ಬಳ್ಳಿಯದೇ ಪದ. ತಾಯಿ ತೀರಿಕೊಂಡರೆ ಅದು ಮಗಳಿಗೆ, ಮಗಳಿಲ್ಲದಿದ್ದರೆ ಹೆಣ್ಣು ಕಡೆಯ ಹತ್ತಿರದ ನೆಂಟಳಿಗೆ. ಪಟ್ಟಿ ಕೇಳಿ. ಹಾಸಿಗೆ, ದಿಂಬು, ಮೇಜಿನ ಬಟ್ಟೆ, ನೂಲು, ದೀಪದ ಕಂಬ, ಮುಚ್ಚಳ ಉಬ್ಬಿದ ಪೆಟ್ಟಿಗೆಗಳು, ಉಂಗುರ, ಕೈಬಳೆ, ಹೆಂಗಸರ ಉಡುಪು. ಕುರಿ ಮತ್ತು ಹೆಬ್ಬಾತುಗಳು ಕೂಡ. ಕೊನೆಗೆ ಪ್ರಾರ್ಥನಾ ಗೀತೆಗಳ ಪುಸ್ತಕ, ಹೆಂಗಸರು ಓದುವ ದೇವರ ಪುಸ್ತಕಗಳು. ಪುಸ್ತಕ ಹೆಂಗಸರ ಸ್ವತ್ತು ಅಂತ ಕಟ್ಟಳೆಯಲ್ಲೇ ಬರೆದಿದ್ದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಕೂತಿದ್ದೆ. ನಮ್ಮ ಸ್ತ್ರೀಧನದ ನೆನಪಾಗುತ್ತದೆ, ಅಲ್ವಾ?

ಉಳಿ ಬಾಚಿ:

ಸಾಗರದ ಕಡೆಯವನು ನಾನು. ಮರಗೆಲಸ ಮಾಡುವ ಮನೆ ನಮ್ಮದು. ‘ಪೀಠೋಪಕರಣ’ ಎಂಬ ಪದದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಸಮಾಧಾನ ಇದೆ. ಪೀಠ ಅಂದರೆ ಕೂರುವ ಜಾಗ. ಬೀರುವಿನ ಮೇಲೆ ಯಾರೂ ಕೂರುವುದಿಲ್ಲ. ಆದರೂ ಟೆಂಡರ್‌ನಲ್ಲಿ ಬೀರು, ಕಪಾಟು, ಮಂಚ ಎಲ್ಲ ಪೀಠೋಪಕರಣವೇ. ಅಂಗಡಿಗೆ ಬರುವವರು ಯಾರೂ ಹಾಗೆ ಹೇಳುವುದಿಲ್ಲ. ‘ಫರ್ನಿಚರ್’ ಅನ್ನುತ್ತಾರೆ, ಇಲ್ಲಾ ‘ಮರದ ಸಾಮಾನು’ ಅನ್ನುತ್ತಾರೆ.

ಹೌಸ್‌ರಾಟ್‌ಗೆ ಸರಿಯಾದ ಕನ್ನಡ ನಮ್ಮ ಅಜ್ಜಿಯ ಬಾಯಲ್ಲಿತ್ತು. ‘ತಟ್ಟುಮುಟ್ಟು’. ಮುಟ್ಟು ಅಂದರೆ ಉಪಕರಣ, ಕೈಸಾಮಾನು. ‘ತಟ್ಟುಮುಟ್ಟು ಎಲ್ಲ ಕಟ್ಟಿಕೊಂಡು ಹೊರಟರು’ ಅಂದರೆ ಚಾಪೆ, ಚೊಂಬು, ಒನಕೆ, ಪೆಟ್ಟಿಗೆ ಎಲ್ಲವೂ ಬಂತು. ತಮಿಳಿನಲ್ಲೂ ಈ ಪದ ಇದೆ. ‘ಪಾತ್ರೆಪಡಗ’ ಅಡುಗೆಮನೆಗೆ ಮಾತ್ರ ಸಾಕು. ‘ಸಾಮಾನು ಸರಂಜಾಮು’ ಹೊಂದುತ್ತದೆ, ಆದರೆ ಅವೆರಡೂ ಪಾರಸಿಯಿಂದ ಬಂದವು.

ಹಾಗೆ ನೋಡಿದರೆ ನಮ್ಮ ಮನೆಯೊಳಗಿನ ಹೆಸರುಗಳೆಲ್ಲ ಊರೂರು ಸುತ್ತಿ ಬಂದಂಥವು. ಕುರ್ಚಿ ಅರಬ್ಬಿಯ ‘ಕುರ್ಸಿ’. ಅಲಮಾರು ಪೋರ್ಚುಗೀಸರದು. ಬೀರು ಫ್ರೆಂಚರ ‘ಬ್ಯೂರೋ’. ಅಚ್ಚಗನ್ನಡದ್ದು ಅಂದರೆ ಮಣೆ. ನಮ್ಮಪ್ಪ ಮಾಡಿದ ಹಲಸಿನ ಮಣೆಗಳು ಇವತ್ತೂ ಊಟಕ್ಕೆ ಬಳಕೆಯಲ್ಲಿವೆ.

ಇಸಾರ್ ಅಕ್ಕ ಹೇಳಿದ ಬೋರಲು ಹಾಕುವ ಪರೀಕ್ಷೆಯನ್ನು ನಮ್ಮ ಹಳೇ ಮನೆಗೆ ಮಾಡಿ ನೋಡಿದೆ. ಜಗಲಿಯ ತೂಗುಮಣೆ ಸರಪಳಿಯಲ್ಲಿ ನೇತಾಡುತ್ತದೆ. ನೆಲದಲ್ಲಿ ಹೂತ ಒರಳು ಬೀಳುವುದಿಲ್ಲ. ಗೋಡೆಯೊಳಗೇ ಕೂರಿಸಿದ ಕಪಾಟು ಬೀಳುವುದಿಲ್ಲ. ಹಾಗಾದರೆ ಒರಳು ಕಟ್ಟಡವೇ?

ಇಸಾರ್ ಕನ್ನಡಿತಿ:

ಒಳ್ಳೆ ಪ್ರಶ್ನೆ ಅಣ್ಣ. ಹೂತ ಒರಳು, ಗೋಡೆಯ ಕಪಾಟು ಕಟ್ಟಡದ ಲೆಕ್ಕಕ್ಕೆ ಹೋಗುತ್ತವೆ. ತೂಗುಮಣೆಯ ಕೊಕ್ಕೆ ಬಿಚ್ಚಿದರೆ ಕೈಗೆ ಬರುವುದರಿಂದ ಅದು ಹೌಸ್‌ರಾಟ್. ಇಲ್ಲೂ ಜಗಳ ಹತ್ತುವುದು ಇಂಥ ಕಡೆಯೇ. ಜೋಡಿಸಿ ಕೂರಿಸಿದ ಅಡುಗೆಮನೆ ಕಪಾಟುಗಳು ಯಾವ ಕಡೆಗೆ ಎಂಬುದು ಕರಾರು ಪತ್ರ ಓದದೆ ತಿಳಿಯುವುದಿಲ್ಲ.

ಇನ್ನೊಂದು, ಕಚೇರಿಯಲ್ಲಿ ಜನ ಈ ಪದವನ್ನು ಎರಡು ಥರ ಬರೆಯುತ್ತಾರೆ. ಹೌಸ್‌ರಾಟ್ ವಿಮೆಗೆ ವಿಮೆಯವರು ‘ಹೌಸ್‌ರಾಟ್‌ಫೆರ್‌ಜಿಶೆರುಂಗ್’ ಅಂತ ನಡುವೆ ಏನೂ ಸೇರಿಸದೆ ಬರೆಯುತ್ತೇವೆ. ಮಾತಿನಲ್ಲಿ ತುಂಬಾ ಜನ ನಡುವೆ ಒಂದು ‘ಸ್’ ಹಾಕುತ್ತಾರೆ. ಯಾಕೆ ಸರ್?

ಹಳೇಪದ:

ಎರಡು ಪದ ಕೂಡುವಾಗ ನಡುವೆ ಒಂದು ‘ಸ್’ ಬರುವುದು ಅವರ ಸಂಧಿ ಅನ್ನಿ. ನಮ್ಮಲ್ಲಿ ಮನೆ + ಕೆಲಸ ಸೇರಿ ‘ಮನೆಗೆಲಸ’ ಆಗುವಂತೆ. ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದಕ್ಕೆ ಗಟ್ಟಿ ನಿಯಮವಿಲ್ಲ. 1944ರಲ್ಲಿ ವಿಚ್ಛೇದನದ ವೇಳೆ ಮನೆ ಸಾಮಾನು ಹಂಚುವುದಕ್ಕೆ ಮಾಡಿದ ಕಾನೂನಿನ ಹೆಸರು ‘ಹೌಸ್‌ರಾಟ್ಸ್‌ಫೆರೋರ್ಡ್ನುಂಗ್’. ಅಲ್ಲಿ ‘ಸ್’ ಇತ್ತು. ಆ ಕಾನೂನು 2009ರ ಸೆಪ್ಟೆಂಬರ್‌ವರೆಗೆ ಬದುಕಿತ್ತು. ಆಮೇಲೆ ಅದರ ಅಂಶಗಳನ್ನು ನಾಗರಿಕ ಸಂಹಿತೆಗೆ ಸೇರಿಸಿದರು. ಸೇರಿಸುವಾಗ ಹೌಸ್‌ರಾಟ್ ಎಂಬ ಪದ ತೆಗೆದು ‘ಮನೆವಾರ್ತೆಯ ವಸ್ತುಗಳು’ ಎಂಬ ಅರ್ಥದ ಉದ್ದ ಪದ ಹಾಕಿದರು. ನನಗೆ ಅದು ಬೇಸರದ ವಿಷಯ. ಎಂಟು ನೂರು ವರ್ಷದ ಗಟ್ಟಿ ಪದ ಅದು.

ನಿಮ್ಮ ಹಳೇ ನಿಘಂಟಿನ ಬಗ್ಗೆ ಒಂದು ಮಾತು, ನೆಕ್ಕರ್ ದಂಡೆ ಅವರೇ. ಅದರಲ್ಲಿ ಹೌಸ್‌ರಾಟ್ ಪದದ ಕೊನೆಗೆ ಒಂದು ಹಕಾರ ಇದೆಯೇ?

ನೆಕ್ಕರ್ ದಂಡೆ:

ಇದೆ ಸರ್! ‘ಟ್’ ಆದಮೇಲೆ ಒಂದು ‘ಹ್’ ಅಕ್ಷರ ಇದೆ. ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಹಳೇಪದ:

ತಪ್ಪಲ್ಲ. 1901ರಲ್ಲಿ ಬರ್ಲಿನ್‌ನಲ್ಲಿ ಕಾಗುಣಿತದ ಸಮ್ಮೇಳನ ನಡೆಯಿತು. ಅಚ್ಚ ಜರ್ಮನ್ ಪದಗಳಲ್ಲಿ ‘ಟ್’ ಪಕ್ಕದ ಆ ಹಕಾರವನ್ನು ಆಗ ತೆಗೆದರು. ಬಾಗಿಲು, ಕಣಿವೆ, ರಾಟ್ ಎಲ್ಲದರಿಂದಲೂ ಹೋಯಿತು. ಅಂದರೆ ನಿಮ್ಮ ನಿಘಂಟು ಅದಕ್ಕಿಂತ ಹಿಂದಿನ ಬರಹವನ್ನು ಇಟ್ಟುಕೊಂಡಿದೆ.

ಆ ಕಾಲಕ್ಕೆ ನಿಘಂಟು ಕೊಟ್ಟ ಅರ್ಥವೂ ತಪ್ಪಾಗಿರಲಿಲ್ಲ. ಇದನ್ನು ಗಮನಿಸಿ. ಇಂಗ್ಲಿಷಿನ ‘ಫರ್ನಿಚರ್’ ಫ್ರೆಂಚ್‌ನ 'ಫುರ್ನಿತ್ಯೂರ್'ನಿಂದ ಬಂದದ್ದು, ಅಂದರೆ ಸರಬರಾಜು. ಒದಗಿಸಿದ್ದು! ಹಿಂದೆ ಇಂಗ್ಲಿಷಿನಲ್ಲಿ ಕುದುರೆಯ ಜೀನು, ಲಗಾಮಿಗೂ ಫರ್ನಿಚರ್ ಅನ್ನುತ್ತಿದ್ದರು. ಮನೆಯ ಫರ್ನಿಚರ್ ಅಂದರೆ ಮನೆಗೆ ಒದಗಿಸಿದ್ದು. ಅದು ಮೇಜು ಕುರ್ಚಿಗೆ ಕುಗ್ಗಿದ್ದು ಆಮೇಲೆ. ಯುರೋಪಿನ ಹೆಚ್ಚಿನ ಭಾಷೆಗಳು ಈ ವಸ್ತುಗಳಿಗೆ ‘ಚಲಿಸುವಂಥದ್ದು’ ಎಂಬ ಹೆಸರು ಕೊಟ್ಟವು. ಇಂಗ್ಲಿಷ್ ಮಾತ್ರ ‘ಒದಗಿಸಿದ್ದು’ ಅಂದಿತು. ಹೌಸ್‌ರಾಟ್ ಕೂಡ ‘ಒದಗಿಸಿದ್ದು’. ಹಾಗಾಗಿ ಆ ಅನುವಾದ ಅರ್ಥಕ್ಕೆ ಮಾತ್ರವಲ್ಲ, ಮೂಲಕ್ಕೂ ಸರಿಯಾಗಿತ್ತು. ನಿಮ್ಮನ್ನು ದಾರಿ ತಪ್ಪಿಸಿದ್ದು ಇವತ್ತಿನ ಫರ್ನಿಚರ್.

ಉಳಿ ಬಾಚಿ:

ಅಯ್ಯೋ, ಈಗ ಅರ್ಥವಾಯಿತು! ಬಾಗಿಲಿನ ಹಿಡಿ, ಚಿಲಕ, ತಿರುಗಣಿಗೆ ಕಂಪನಿಯವರ ಪುಸ್ತಕದಲ್ಲಿ ‘ಡೋರ್ ಫರ್ನಿಚರ್’ ಅಂತ ಬರೆದಿರುತ್ತಾರೆ. ಚಿಲಕ ಹೇಗೆ ಫರ್ನಿಚರ್ ಅಂತ ನಾನು ಕೇಳದ ಜನವಿಲ್ಲ.

ನೆಕ್ಕರ್ ದಂಡೆ:

ಪಕ್ಕದ ಮನೆ ಅಜ್ಜಿಗೆ ನಿಮ್ಮೆಲ್ಲರ ಮಾತನ್ನು ನನಗೆ ಬಂದಷ್ಟು ಜರ್ಮನ್‌ನಲ್ಲಿ ಹೇಳಿದೆ. ರಥದ ವಿಷಯ, ಆರಾಧನೆಯ ವಿಷಯ ಎಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಥೆ ಹೇಳಿದರು.

ಅವರು ಹುಟ್ಟಿದ್ದು ಸೈಲೀಸಿಯಾದಲ್ಲಿ. ಯುದ್ಧ ಮುಗಿದಾಗ ಪುಟ್ಟ ಹುಡುಗಿ. ಆ ನೆಲ ಪೋಲೆಂಡಿಗೆ ಸೇರಿತು. ಜರ್ಮನ್ನರು ಊರು ಬಿಡಬೇಕಾಯಿತು. ತಾಯಿ ಒಂದು ಕೈಗಾಡಿಗೆ ಹಾಸಿಗೆ, ಎರಡು ಪಾತ್ರೆ ಹಾಕಿಕೊಂಡು ಮಕ್ಕಳ ಜೊತೆ ಹೊರಟರಂತೆ. ಉಳಿದದ್ದೆಲ್ಲ ಅಲ್ಲೇ. 1952ರಲ್ಲಿ ಪಶ್ಚಿಮ ಜರ್ಮನಿ ಹೊರೆ ಸಮವಾಗಿ ಹಂಚಿಕೊಳ್ಳುವ ಕಾನೂನು ತಂದಿತು. ಅದರಡಿ ಮನೆ ಸಾಮಾನು ಕಳೆದುಕೊಂಡವರಿಗೆ ‘ಹೌಸ್‌ರಾಟ್ ಪರಿಹಾರ’ ಸಿಗುತ್ತಿತ್ತು. ಅರ್ಜಿ ತುಂಬಲು ತಾಯಿ ರಾತ್ರಿ ಮೇಜಿಗೆ ಕೂತು, ಬಿಟ್ಟುಬಂದ ಮನೆಯನ್ನು ಕೋಣೆ ಕೋಣೆಯಾಗಿ ನೆನಪು ಮಾಡಿಕೊಂಡಿದ್ದು ಅಜ್ಜಿಗೆ ಇನ್ನೂ ಕಣ್ಣಿಗೆ ಕಟ್ಟಿದೆ. ‘ಅಡುಗೆಮನೆಯ ಬಲಗಡೆ ಏನಿತ್ತು ಹೇಳು’ ಅಂತ ಮಕ್ಕಳನ್ನು ಕೇಳುತ್ತಿದ್ದರಂತೆ. ‘ಅದಕ್ಕೇ ನಿನ್ನ ಅರ್ಜಿಯಲ್ಲಿ ಬರೀ ಸೋಫಾ ನೋಡಿ ನನಗೆ ತಡೆಯಲಾಗಲಿಲ್ಲ’ ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಓಲೆಗರಿ:

ಅಜ್ಜಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ ಅಕ್ಕ.

ಗಾಡಿಗಾಲಿ:

ಆ ಕೈಗಾಡಿ ನನ್ನ ಕಣ್ಣ ಮುಂದೆಯೇ ಇದೆ. ನಾನು ಗಾಡಿಯ ಮೇಲೆ ಹೇರಿದ ಸಾಮಾನು ಅಂತ ಸುಮ್ನೆ ಊಹೆ ಮಾಡಿ ಬರೆದಿದ್ದೆ. ಆ ತಾಯಿಗೆ ಅದು ನಿಜವಾಗಿತ್ತು.

ಹಳೇಪದ:

ಹೀಗೆ ಮನೆಯನ್ನು ಪಟ್ಟಿ ಮಾಡುವುದು ಜರ್ಮನ್ನರಲ್ಲಿ ಹಳೆಯ ಪದ್ಧತಿ. 15, 16ನೇ ಶತಮಾನದಲ್ಲಿ ಅದಕ್ಕೆಂದೇ ಒಂದು ಬಗೆಯ ಪದ್ಯಗಳಿದ್ದವು, ಮನೆಯಲ್ಲಿ ಇರಬೇಕಾದ್ದನ್ನೆಲ್ಲ ಹೆಸರಿಸುವಂಥವು. ನ್ಯೂರೆಂಬರ್ಗ್‌ನಲ್ಲಿ ಶೂ ಹೊಲಿಯುವ ಕಸುಬಿನ ಕವಿ ಹಾನ್ಸ್ ಜಾಕ್ಸ್ 1544ರಲ್ಲಿ ಅಂಥದೊಂದು ಬರೆದ. ಒಂದು ಮನೆಗೆ ಬೇಕಾದ ಸುಮಾರು 300 ವಸ್ತುಗಳನ್ನು ಪ್ರಾಸದಲ್ಲಿ ಪೋಣಿಸಿದ್ದಾನೆ. ಅಂದಿನ ಮನೆಯಲ್ಲಿ ಏನೇನಿತ್ತು ಅಂತ ತಿಳಿಯಲು ಇತಿಹಾಸಕಾರರು ಇವತ್ತೂ ಅದನ್ನು ತೆಗೆದು ನೋಡುತ್ತಾರೆ. ನೀವು ಕೂಡ ನಿಮ್ಮ ಪಟ್ಟಿಯನ್ನು ಕೋಣೆ ಕೋಣೆಯಾಗಿ ಮಾಡಿ. ಯಾವುದೂ ಬಿಟ್ಟುಹೋಗುವುದಿಲ್ಲ.

ನೆಕ್ಕರ್ ದಂಡೆ:

ಮಾಡಿದೆ ಸರ್. ಶನಿವಾರ ಅಜ್ಜಿ, ಮಗಳು, ನಾನು ಮೂವರೂ ಕೂತೆವು. ಮಗಳು ಒಂದೊಂದೇ ವಸ್ತು ಕೂಗುವುದು, ಅಜ್ಜಿ ಇವತ್ತಿನ ಬೆಲೆ ಹೇಳುವುದು, ನಾನು ಬರೆಯುವುದು. ಅಡುಗೆಮನೆಯೊಂದರಲ್ಲೇ 140 ದಾಟಿತು. ಒಟ್ಟು 300ರ ಮೇಲೆ ಹೋಯಿತು. ಅರ್ಜಿಯಲ್ಲಿ 45,500 ಅಂತಲೇ ಹಾಕಿದ್ದೇನೆ.

ಒಂದು ಕಡೆ ಮಾತ್ರ ಪೆನ್ನು ನಿಂತಿತು. ಅಮ್ಮ ತಿಪಟೂರಿನಿಂದ ಕಳಿಸಿದ ಈಳಿಗೆಮಣೆ. ಅದಕ್ಕೆ ಜರ್ಮನ್‌ನಲ್ಲಿ ಹೆಸರಿಲ್ಲ. ಅಜ್ಜಿ ಅದರ ಮುಂದೆ ಕೆಳಗೆ ಕೂತು, ಕಾಲಿನಿಂದ ಮಣೆ ಒತ್ತಿ, ನಾನು ಹೇಳಿದಂತೆ ಒಂದು ಸೌತೆಕಾಯಿ ಹೆಚ್ಚಿದರು. ಎದ್ದು ಬಂದು ‘ನಿನ್ನ ಭಾಷೆಯ ಹೆಸರನ್ನೇ ನಮ್ಮ ಅಕ್ಷರದಲ್ಲಿ ಬರೆ’ ಅಂದರು. ಹಾಗೇ ಬರೆದೆ. ಬೆಲೆಯ ಕಾಲಮಿನಲ್ಲಿ ಏನು ಹಾಕಲಿ?

ಉಳಿ ಬಾಚಿ:

ಮಣೆ ಹಲಸಿನದಾದರೆ ಮಾಡಿಸಿ ಇಲ್ಲಿಂದ ಕಳಿಸುವ ಖರ್ಚು ಸೇರಿಸಿ 60 ಯೂರೋ ಹಾಕಿ ಅಕ್ಕ. ಅಲಗು ಸಡಿಲಾಗಿದೆಯೇ ನೋಡಿ. ಆಗಿದ್ದರೆ ತೆಂಗಿನಕಾಯಿ ತುರಿಯುವಾಗ ಜಾರುತ್ತದೆ. ಬುಡಕ್ಕೆ ಒಂದು ತೆಳು ಮರದ ಬೆಣೆ ಹೊಡೆದರೆ ಸಾಕು.

ಇಸಾರ್ ಕನ್ನಡಿತಿ:

ಫೋಟೋ ತೆಗೆದಿಡಿ. ಬಿಲ್ಲು ಇದ್ದದ್ದಕ್ಕೆಲ್ಲ ಬಿಲ್ಲಿನ ಫೋಟೋ ಕೂಡ. ಪಟ್ಟಿಯ ಒಂದು ಪ್ರತಿ ಅಜ್ಜಿಯ ಮನೆಯಲ್ಲಿರಲಿ. ನಿಮ್ಮ ಮನೆಗೇ ನೀರು ನುಗ್ಗಿದರೆ ಅದೇ ಮನೆಯಲ್ಲಿಟ್ಟ ಪಟ್ಟಿಯೂ ಒದ್ದೆಯಾಗುತ್ತದೆ.